ಒಳಗಿನಿಂದ ಬಂದ ಫೋನ್

"ಟೋಪಿ ಇನ್ನೂ ಕಾಣವಲ್ದು, ತಂಗಿ," ಎಂದಳು ಭಾಗವ್ವ.

ನಾನೂ ಅದನ್ನೇ ಕಾಯುತ್ತಿದ್ದೆ. ಪರೇಲ್‌ನ ಈ ಚಾಳಿನ ಮೂರನೇ ಮಹಡಿಯ ವರಾಂಡಕ್ಕೆ ಎದುರಾಗಿ, ಕೈ ಚಾಚಿದರೆ ತಗಲುತ್ತದೇನೋ ಎನ್ನುವಷ್ಟು ಹತ್ತಿರ, ಗಾಜಿನ ಕಟ್ಟಡ ನಿಂತಿತ್ತು. ಹಗಲು ಹೊತ್ತು ಆ ಗಾಜಿನೊಳಗೆ ಏನೂ ಕಾಣುವುದಿಲ್ಲ. ಕಾಣುವುದು ನಾವೇ: ಒಣಗಲು ಹಾಕಿದ ಸೀರೆಗಳು, ಭಾಗವ್ವ, ನಾನು, ಕಟಾಂಜನದ ಉದ್ದಕ್ಕೂ ತೂಗುವ ಬಟ್ಟೆಯ ಚೀಲಗಳು.

ಒಂದೊಂದು ಚೀಲದಲ್ಲಿ ಒಂದೊಂದು ಫೋನ್.

ಗಾಜಿನ ಕಟ್ಟಡ ಎದ್ದ ಮೇಲೆ ಚಾಳಿನ ಕೋಣೆಗಳೊಳಗೆ ನೆಟ್‌ವರ್ಕ್ ಬರುವುದು ನಿಂತಿತ್ತು. ಸಿಗುವುದು ಈ ಕಟಾಂಜನದ ಹತ್ತಿರ ಮಾತ್ರ. ಹಾಗಾಗಿ ಮನೆಗೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟಂತೆ ಫೋನನ್ನೂ ಇಲ್ಲಿ ತೂಗುಬಿಟ್ಟು ಒಳಗೆ ಹೋಗುತ್ತಾರೆ. ಯಾರ ಫೋನ್ ಬಡಿದುಕೊಂಡರೂ ಹತ್ತಿರ ಇದ್ದವರು ಎತ್ತಿ, ಕೂಗಿ ಕರೆಯುತ್ತಾರೆ. ಅದಕ್ಕಾಗಿಯೇ ಯಾರೂ ಲಾಕ್ ಹಾಕುವುದಿಲ್ಲ.

ಮೊನ್ನೆ ಮಧ್ಯಾಹ್ನ ಸೋನಾಲಿ ಎಂಬ ಹುಡುಗಿ ಆ ಕಟ್ಟಡದ ಹಿಂಬದಿಯ ಮೆಟ್ಟಿಲುಗಳ ಮೇಲೆ, ನಾಲ್ಕನೇ ಮಹಡಿಯಿಂದ ಉರುಳಿ ಬಿದ್ದು ಆಸ್ಪತ್ರೆ ಸೇರಿದಳು. ಇನ್ನೂ ಕಣ್ಣು ಬಿಟ್ಟಿಲ್ಲ. ಅಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿರುವ ಭಾಗವ್ವನ ಮಗ ಶರಣ ಈಗ ಲಾಕಪ್ಪಿನಲ್ಲಿದ್ದಾನೆ. ಡ್ಯೂಟಿ ಮುಗಿಸಿ ಮನೆಗೆ ಬಂದು ಮಲಗಿದ್ದೆ ಎನ್ನುತ್ತಾನೆ. ಅವನ ಫೋನ್ ಮಾತ್ರ ಆ ಇಡೀ ಮಧ್ಯಾಹ್ನ ನಾಲ್ಕನೇ ಮಹಡಿಯ ನೆಟ್‌ವರ್ಕ್ ಬಿಟ್ಟು ಕದಲಿರಲಿಲ್ಲ. ಇಂದು ಊಟದ ಹೊತ್ತು ಕಳೆದ ಮೇಲೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ.

ನನ್ನ ಕೈಯಲ್ಲಿದ್ದದ್ದು ಅಷ್ಟೇ ಹೊತ್ತು.

ಆ ಕಟ್ಟಡದ ಒಳಗಿನ ನೆಟ್‌ವರ್ಕ್ ನೋಡಿಕೊಳ್ಳುವುದು ಪವಾಯಿಯ ನಮ್ಮ ಆಫೀಸು. ಇಂಜಿನಿಯರ್ ನಾನು. ಇನ್‌ಸ್ಪೆಕ್ಟರ್ ಘರತ್ ಬೆಳಿಗ್ಗೆ ನನ್ನನ್ನು ಕಟ್ಟಡದ ನಾಲ್ಕನೇ ಮಹಡಿಯ ಕಂಟ್ರೋಲ್ ರೂಮಿಗೆ ಕರೆಸಿಕೊಂಡಿದ್ದರು. ಸೋಲಾಪುರದಲ್ಲಿ ಕೆಲಸ ಮಾಡುವಾಗ ಕಲಿತ ಕನ್ನಡ ಅವರದು.

"ಮ್ಯಾಡಮ್, ಆ ಕಟಾಂಜನಕ್ಕ ತೂಗಿದ ಫೋನ್ ಎಲ್ಲಾ ದಿನಾ ಕಪ್ಪಿ ಜಿಗಿದಂಗ ಜಿಗಿತಾವ. ಒಮ್ಮೆ ಒಳಗಿನ ನೆಟ್‌ವರ್ಕ್, ಒಮ್ಮೆ ರೋಡಿನ ಮೇಲಿನ ಟವರ್. ಹೋದ ತಿಂಗಳದ್ದೆಲ್ಲಾ ನೋಡೀನಿ. ಈ ಹುಡುಗನ ಫೋನ್ ಮಾತ್ರ ಆ ದಿನ ಜಿಗಿದಿಲ್ಲ. ಮತಲಬ್, ಅದು ಕಟಾಂಜನದ ಮ್ಯಾಲ ಇರಲೇ ಇಲ್ಲ. ಬರೋಬರ್?"

"ಬರೋಬರ್ ಅಲ್ಲ ಸರ್. ಜಿಗಿಯುವುದನ್ನು ಈ ವಾರ ನಾನೇ ನಿಲ್ಲಿಸಿದ್ದೇನೆ."

ಅವರಿಗೆ ದಾದರ್ ಸ್ಟೇಷನ್ನಿನ ಉದಾಹರಣೆ ಕೊಟ್ಟೆ. ಎಲ್ಲ ಕಡೆ ನಿಲ್ಲುವ ಸ್ಲೋ ಲೋಕಲ್ ಗಾಡಿಯಲ್ಲಿ ಕುಳಿತವನು ಎದುರಿನ ಪ್ಲಾಟ್‌ಫಾರ್ಮಿಗೆ ಫಾಸ್ಟ್ ಬಂತೆಂದು ಇಳಿದು ಓಡುತ್ತಾನೆ. ಅಷ್ಟರಲ್ಲಿ ಸ್ಲೋ ಹೊರಡುವ ಹಾಗೆ ಕಾಣುತ್ತದೆ, ಮತ್ತೆ ಈ ಕಡೆ ಓಡಿ ಬರುತ್ತಾನೆ. ದಿನವಿಡೀ ಓಡಿದರೂ ಘಾಟ್ಕೋಪರ್ ಮುಟ್ಟುವುದಿಲ್ಲ. ಎರಡು ನೆಟ್‌ವರ್ಕುಗಳ ಗಡಿಯಲ್ಲಿ ಸಿಕ್ಕಿಕೊಂಡ ಫೋನ್ ಮಾಡುವುದೂ ಅದನ್ನೇ. ಮಾತು ತುಂಡಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಕಿಟಕಿಯ ಪಕ್ಕ ಕೂರುವ ಆಫೀಸಿನವರೂ ಅದೇ ದೂರು ಹೇಳುತ್ತಿದ್ದಾರೆ, ಸರಿಪಡಿಸಿ ಎಂದು ಕಟ್ಟಡದ ಮ್ಯಾನೇಜರ್ ಸೋಮನಾಥ ಕೇಳಿಕೊಂಡ. ಹತ್ತಿದ ಗಾಡಿಯಲ್ಲೇ ಕೂತಿರು, ಇನ್ನೊಂದು ಗಾಡಿ ತುಂಬಾ ಚೆನ್ನಾಗಿದ್ದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರೆ ಮಾತ್ರ ಇಳಿ, ಎಂದು ನಾನು ನೆಟ್‌ವರ್ಕಿಗೆ ಹೇಳಿಕೊಟ್ಟೆ.

"ಅಂದ್ರ ಕಟ್ಟಡದಾಗಿಂದ ಹೊರಟ ಫೋನ್, ಕಟಾಂಜನಕ್ಕ ಬಂದ ಮ್ಯಾಲೂ ಕಟ್ಟಡದ್ದೇ ಹಿಡಕೊಂಡಿರ್ತದ?"

"ಹೌದು ಸರ್. ನಾಲ್ಕನೇ ಮಹಡಿಯ ಸಿಗ್ನಲ್ ಕೆಳಗಿನ ಗಲ್ಲಿಯವರೆಗೂ ತಲುಪುತ್ತದೆ. ಶರಣ ಕೆಲಸದಿಂದ ನೇರ ಮನೆಗೆ ಬಂದ."

"ಬಾಯಿ ಮಾತು ಬ್ಯಾಡ. ಮಾಡಿ ತೋರಿಸ್ರಿ."

ಹಾಗಾಗಿ ನಾಲ್ಕನೇ ಮಹಡಿಯಿಂದ ನನ್ನ ಫೋನನ್ನು ಕೈಯಲ್ಲಿ ಹಿಡಿದು ಬಂದು, ಭಾಗವ್ವ ಕೊಟ್ಟ ಚೀಲದಲ್ಲಿ ಇಲ್ಲಿ ತೂಗುಹಾಕಿದ್ದೆ. ಘರತ್ ಅಲ್ಲಿ ಪರದೆಯ ಮುಂದೆ ಕುಳಿತಿದ್ದರು. ಫೋನ್ ನಾಲ್ಕನೇ ಮಹಡಿಯಲ್ಲೇ ಇರುವಂತೆ ಕಂಡರೆ ಗಾಳಿಕಿಂಡಿಯಿಂದ ಟೋಪಿ ಹೊರಗೆ ಹಿಡಿಯುತ್ತೇನೆ, ನಾನು ಹೇಳುವವರೆಗೆ ಫೋನ್ ಹಾಗೇ ಇರಬೇಕು, ಒಂದು ಸಲ ಹಾರಿದರೂ ಆಟ ಮುಗಿಯಿತು, ಎಂದಿದ್ದರು.

ಗಾಜಿನಲ್ಲಿ ನನ್ನ ಮುಖ ನನ್ನನ್ನೇ ನೋಡುತ್ತಿತ್ತು. ನಾನು ಬೇರೆ ಕಡೆ ತಿರುಗಿದೆ.

"ತಂಗಿ! ಟೋಪಿ!"

ಗಾಜಿನ ನಡುವೆ ಒಂದು ಸಣ್ಣ ಕಿಂಡಿ ತೆರೆದಿತ್ತು. ಅದರಿಂದ ಒಂದು ಕೈ, ಆ ಕೈಯಲ್ಲಿ ಖಾಕಿ ಟೋಪಿ.

ಭಾಗವ್ವ ಎರಡೂ ಕೈ ಎತ್ತಿ ಆ ಟೋಪಿಗೇ ಮುಗಿದಳು. "ನನ ಮಗ ಮನ್ಯಾಗ ಇದ್ದ ಅಂತ ಮೂರ ದಿನದಿಂದ ಬಡಕೊಂಡೆ, ಯಾರೂ ಕೇಳ್ಲಿಲ್ಲ. ಈಗ ನೋಡು, ಒಂದ ಚೀಲ ಹೇಳಿದ ಕೂಡ್ಲೆ ಕೇಳ್ತಾರ." ಒಳಗೆ ಓಡಿ ತಾಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಹಾಕಿ ತಂದಳು. "ತಿನ್ನು. ನಿನ್ನ ಮಾರಿ ನೋಡಿದ್ರ ನಿನ್ನೇ ಒಯ್ದು ಲಾಕಪ್ಪಿಗೆ ಹಾಕ್ಯಾರೇನೋ ಅನ್ನಂಗ ಐತಿ."

"ಪರೀಕ್ಷೆ ಮುಗಿದು ಟೋಪಿ ಒಳಗೆ ಹೋಗಲಿ, ಮಾವಶಿ. ಆಮೇಲೆ ತಿನ್ನುತ್ತೇನೆ."

"ಅದ್ಯಾಕ ಹಂಗ ಹಿಡಕೊಂಡು ಕುಂದ್ರತೈತಿ, ಈ ಫೋನು?"

"ಇಲ್ಲಿ ಎರಡೂ ನೆಟ್‌ವರ್ಕ್ ಹೆಚ್ಚುಕಡಿಮೆ ಸಮ. ಅದಕ್ಕೆ ಬಂದ ಫೋನ್ ಬಂದಹಾಗೇ ಇರುತ್ತದೆ. ಕಟ್ಟಡದೊಳಗಿಂದ ಬಂದದ್ದು ಒಳಗಿನದು ಹಿಡಿದಿರುತ್ತದೆ. ರೋಡಿನಿಂದ ಬಂದದ್ದು ಹೊರಗಿನದು." ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ಈ ಕಟಾಂಜನದ ಮೇಲೆ ಫೋನ್ ಹೇಳುವುದು ತಾನು ಎಲ್ಲಿದ್ದೇನೆ ಎಂದಲ್ಲ. ಎಲ್ಲಿಂದ ಬಂದೆ ಎಂದು.

"ಹಂಗಾರ ನಂದು ಹೊರಗಿಂದ," ಎಂದಳು ಭಾಗವ್ವ. "ನಾ ಬಾಜಾರಕ್ಕ ಹೋಗೂದು, ಬರೂದು. ಆ ಕಟ್ಟಡದಾಗ ನನ್ನ ಕಾಲ ಇಡಾಕೂ ಬಿಡೂದಿಲ್ಲ ಅವ್ರು."

ನಾನು ಅವಳ ಚೀಲದತ್ತ ತಿರುಗಿದೆ.

ಬೆಳಿಗ್ಗೆ ಘರತ್‌ರ ಪರದೆಯ ಮೇಲೆ ಆ ಮಧ್ಯಾಹ್ನದ ಫೋನುಗಳನ್ನೆಲ್ಲ ನಾನು ನೋಡಿದ್ದೆ. ಭಾಗವ್ವನ ನಂಬರೂ ಅಲ್ಲಿತ್ತು. ಸೋನಾಲಿಗೆ ಬಂದ ಕೊನೆಯ ಕರೆ ಆ ನಂಬರಿನದು. ಅವಳು ದಿನಾ ಭಾಗವ್ವನಿಂದ ರೊಟ್ಟಿ ತರಿಸಿಕೊಳ್ಳುವವಳು, ರೊಟ್ಟಿಯ ಮಾತು ಇರಬೇಕೆಂದು ಪೊಲೀಸರು ಅದನ್ನು ಅಲ್ಲಿಗೇ ಬಿಟ್ಟಿದ್ದರು. ಕಟಾಂಜನದ ಫೋನ್ ತಾನೇ ಎಂದು ನಾನೂ ಬಿಟ್ಟಿದ್ದೆ.

ಆದರೆ ಅದು ಹೋದದ್ದು ನಾಲ್ಕನೇ ಮಹಡಿಯ ನೆಟ್‌ವರ್ಕಿನಿಂದ.

"ಮಾವಶಿ, ಆ ದಿನ ಸೋನಾಲಿಗೆ ನೀವು ಫೋನ್ ಮಾಡಿದಿರಾ?"

"ಇಲ್ಲ. ಆಕೀನ ಮಾಡ್ತಿದ್ಲು, ನಾ ಎಂದೂ ಮಾಡಾಕಿ ಅಲ್ಲ."

"ನಿಮ್ಮ ಫೋನ್ ಆ ದಿನ ಇಲ್ಲಿಂದ ಎಲ್ಲಿಗಾದರೂ ಹೋಗಿತ್ತಾ?"

ಭಾಗವ್ವ ತಾಟನ್ನು ನೆಲದ ಮೇಲೆ ಇಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವಳು ಬಾಯಿಗೆ ಏನೂ ಹಾಕಿರಲಿಲ್ಲ.

"ಮಾವಶಿ."

"ಅಂವಾ ಹೇಳಬ್ಯಾಡ ಅಂದಾನವ್ವಾ."

"ಯಾರು?"

ಅವಳು ಕಟಾಂಜನದ ತುದಿ ತೋರಿಸಿದಳು. ಅಲ್ಲಿ ಒಂದು ಚೀಲ ಬೇರೆಯಾಗಿ ತೂಗುತ್ತಿತ್ತು. ಉಳಿದವುಗಳಂತೆಯೇ ಹಳೆಯ ಇಳಕಲ್ ಸೀರೆಯ ತುಂಡಿನಿಂದ ಹೊಲಿದದ್ದು, ಅದೇ ಕೆಂಪು ದಡಿ. "ಅದು ಸೋಮನಾಥ ಸಾಹೇಬ್ರದು. ಅವರ ರೊಟ್ಟಿ. ಮಧ್ಯಾಹ್ನ ಬಂದು ತಾವ ತಗೊಂಡು ಹೊಕ್ಕಾರ. ಎಲ್ಲಾ ಚೀಲ ನಾನ ಹೊಲದದ್ದು. ಫೋನಿಂದೂ ಅದ, ರೊಟ್ಟೀದೂ ಅದ. ಆ ದಿನ ರೊಟ್ಟಿ ಚೀಲ ಬಿಟ್ಟು ನನ್ನ ಫೋನಿನ ಚೀಲ ಒಯ್ದಿದ್ರು. ಆಮ್ಯಾಲ ತಂದು ಕೊಟ್ರು. ಭಾಗವ್ವಕ್ಕ, ಊಟಕ್ಕ ಕುಂತು ಕೈ ಹಾಕಿದ್ರ ಫೋನ ಬಂತು ನೋಡು ಅಂತ ನಕ್ರು."

"ಯಾವಾಗ ತಂದು ಕೊಟ್ಟರು?"

"ಆ ಹುಡುಗಿ ಬಿದ್ಲು ಅಂತ ಗದ್ಲಾ ಎದ್ದಿತ್ತು. ಆವಾಗ."

"ಇದನ್ನು ಇನ್‌ಸ್ಪೆಕ್ಟರಿಗೆ ಯಾಕೆ ಹೇಳಲಿಲ್ಲ?"

"ಶರಣಗ ಕೆಲಸ ಕೊಡಿಸಿದಾಂವ ಅಂವಾ. ನಾನ ಬಿಡಿಸ್ಕೊಂಡು ಬರ್ತೀನಿ, ಚೀಲದ ಸುದ್ದಿ ಎತ್ತಬ್ಯಾಡ, ಸುಳ್ಳ ಗೊಂದಲ ಆಕ್ಕೈತಿ ಅಂದ. ನಾ ಏನ ಮಾಡ್ಲೆವ್ವಾ? ಒಂದ ಮಗ ಅದಾನ ನನಗ."

"ಏನ್ ಗೊಂದಲ, ಭಾಗವ್ವಕ್ಕ?"

ಮೆಟ್ಟಿಲ ತಲೆಯಲ್ಲಿ ಸೋಮನಾಥ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಐಡಿ ಕಾರ್ಡು, ಸೊಂಟದಲ್ಲಿ ಕೀಲಿಗಳ ಗೊಂಚಲು. ಧಾರವಾಡದವನು. ನಮ್ಮ ಮನೆತನವೂ ಧಾರವಾಡದ ಕಡೆಯದೆಂದು ಗೊತ್ತಾದ ದಿನದಿಂದ ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದ. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ ತಿಳಿಯದು.

"ಹಿಂಡಿ ಖಾರ ಆಗೇದ ಅಂತ ಈ ತಂಗಿ ಗೊಂದಲ ಮಾಡ್ಯಾಳ," ಎಂದಳು ಭಾಗವ್ವ. ಅವಳ ದನಿ ಅಲುಗಲಿಲ್ಲ.

"ಘಾಟ್ಕೋಪರ್‌ನ್ಯಾಗ ಬೆಳದವರಿಗೆ ನಮ್ಮ ಖಾರ ತಡಿಯೂದಿಲ್ಲ ಬಿಡು." ಅವನು ನಗುತ್ತಾ ಕಟಾಂಜನದ ಪಕ್ಕದಲ್ಲೇ ನಡೆದು ಬಂದ. "ಮ್ಯಾಡಮ್, ಘರತ್ ಸಾಹೇಬರು ಕರೀಲಿಕ್ಕೆ ಹತ್ಯಾರ. ನೀವ ಬಂದು ಒಂದ್ ಸಲ ಬಿಡಿಸಿ ಹೇಳಬೇಕಂತ. ಫೋನ್ ಇಲ್ಲೇ ಇರ್ಲಿ ಅಂದಾರ."

ನಾನು ಅವನ ಮುಖ ನೋಡುತ್ತಿದ್ದೆ. ಕಣ್ಣು ನೋಡುತ್ತಿದ್ದೆ, ಬಾಯಿ ನೋಡುತ್ತಿದ್ದೆ. ಇವನು ಎಷ್ಟು ಕೇಳಿಸಿಕೊಂಡ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕಟಾಂಜನದ ಮೇಲಿನ ಅವನ ಕೈಯನ್ನು ನಾನು ನೋಡಲಿಲ್ಲ. ಮತ್ತೆ ನೋಡಿದಾಗ ಕೈಯಲ್ಲಿ ಕೆಂಪು ದಡಿಯ ಚೀಲವಿತ್ತು. ರೊಟ್ಟಿ ಎಂದುಕೊಂಡೆ. ಕಟಾಂಜನದ ನಡುವೆ, ನಾನು ತೂಗುಹಾಕಿದ ಜಾಗದಲ್ಲಿ, ನನ್ನ ಚೀಲವೂ ಹಾಗೇ ತೂಗುತ್ತಿತ್ತು.

ಎದುರಿನ ಕಿಂಡಿಯಲ್ಲಿ ಟೋಪಿ ಇನ್ನೂ ಇತ್ತು.

ಬರುವುದಿಲ್ಲ ಎಂದರೆ ಅವನಿಗೆ ತಿಳಿಯುತ್ತದೆ. ಹೋದರೆ, ನಾಲ್ಕನೇ ಮಹಡಿಯಲ್ಲಿ ಘರತ್ ಇದ್ದಾರೆ. ಹೋಗುವುದೇ ಸರಿ ಎಂದುಕೊಂಡೆ. "ಮಾವಶಿ, ನನ್ನ ಚೀಲ ನೋಡಿಕೊಳ್ಳಿ," ಎಂದೆ. ಭಾಗವ್ವ ತಲೆಯಾಡಿಸಿದಳು.

ಚಾಳಿನ ಮೆಟ್ಟಿಲಿಳಿದು, ಗಲ್ಲಿ ದಾಟಿ, ಕಟ್ಟಡದ ಹಿಂದಿನ ಗೇಟಿಗೆ ಬಂದೆವು. ಮುಂದಿನ ಬಾಗಿಲಿನಿಂದ ಹೋಗೋಣ ಎಂದೆ. "ಅಲ್ಲಿ ಪಾಸು, ಸಹಿ, ಫೋಟೋ. ಸಾಹೇಬರು ಸಿಟ್ಟಿಗೇಳ್ತಾರ," ಎಂದು ಸಾಮಾನು ಸಾಗಿಸುವ ಲಿಫ್ಟಿನ ಬಾಗಿಲು ತೆಗೆದು ನಿಂತ. ಒಳಗೆ ಯಾರೂ ಇರಲಿಲ್ಲ. ಗೋಡೆಗಳಿಗೆ ದಪ್ಪ ಗೋಣಿ ಬಟ್ಟೆ ಹೊದಿಸಿದ್ದರು. ಗುಂಡಿಗಳ ಹತ್ತಿರ ನಿಲ್ಲಬೇಕೆಂದು ನಾನು ಬೇಗ ಒಳಗೆ ಹೋಗಿ ನಾಲ್ಕನ್ನು ಒತ್ತಿದೆ.

ಬಾಗಿಲು ಮುಚ್ಚಿತು. ಸೋಮನಾಥ ನನ್ನ ಭುಜದ ಪಕ್ಕದಿಂದ ಕೈ ತಂದು, ಗುಂಡಿಗಳ ಕೆಳಗಿನ ಸಣ್ಣ ರಂಧ್ರಕ್ಕೆ ಕೀಲಿ ಹಾಕಿ ತಿರುಗಿಸಿದ. ಲಿಫ್ಟು ಕೆಳಗೆ ಇಳಿಯಿತು. ಮತ್ತೊಮ್ಮೆ ತಿರುಗಿಸಿದ. ನಿಂತಿತು.

ಬಾಗಿಲಿನ ಸಂದಿಯಲ್ಲಿ ಸಿಮೆಂಟು ಗೋಡೆ ಮಾತ್ರ ಕಾಣುತ್ತಿತ್ತು.

"ಹೊರಗ ದುರಸ್ತಿ ಬೋರ್ಡ್ ಹಾಕಿಸೀನಿ," ಎಂದ. "ಯಾರೂ ಕರಿಯೂದಿಲ್ಲ. ಸಮಾಧಾನದಿಂದ ಮಾತಾಡೂಣು."

"ಘರತ್ ಕಾಯುತ್ತಿದ್ದಾರೆ."

"ಅವರು ನಿಮ್ಮನ್ನ ಕರದಿಲ್ರಿ."

ನಾನು ಗೋಡೆಗೆ ಒರಗಿದೆ. ಗೋಣಿ ಬಟ್ಟೆಯಲ್ಲಿ ಧೂಳು, ಫಿನೈಲ್ ವಾಸನೆ. ಕೂಗಿದರೆ ಈ ಬಟ್ಟೆಯೇ ನುಂಗುತ್ತದೆ ಎನಿಸಿತು.

"ನಾ ಆಕೀನ ದೂಡಿಲ್ಲ," ಎಂದ ಅವನು. "ಅದನ್ನ ಮೊದಲ ಕೇಳಿಸ್ಕೊಳ್ರಿ."

"ಹಾಗಾದರೆ ಕರೆದದ್ದು ಯಾಕೆ?"

"ಹಿಂಬದಿ ಮೆಟ್ಟಲದ ಕೆಳಗಿನ ಫೈರ್ ಎಕ್ಸಿಟ್ ಬಾಗಿಲಕ್ಕ ನಾ ಕೀಲಿ ಹಾಕಿಸಿದ್ದೆ. ಮೆಟ್ಟಲ ಮ್ಯಾಲೆಲ್ಲಾ ಹಳೇ ಖುರ್ಚಿ, ಕಾರ್ಪೆಟ್ ತುಂಬಿಸಿದ್ದೆ. ಎಲ್ಲಾ ಬಿಲ್ಡಿಂಗ್‌ನ್ಯಾಗ ಇಡ್ತಾರ, ಜಾಗಾ ಎಲ್ಲದ ಈ ಮುಂಬೈಯಾಗ? ಸೋನಾಲಿ ತಮ್ಮ ಆಫೀಸಿನ ಸೇಫ್ಟಿ ನೋಡಾಕಿ. ಫೋಟೋ ತಗೊಂಡ್ಲು. ಬೆಂಕಿ ಬಿದ್ರ ನಾಲ್ಕು ಮಹಡಿ ಜನ ಒಳಗ ಸಿಗಬೀಳ್ತಾರ, ನಾ ಮ್ಯಾಲೆ ಕಳಸ್ತೀನಿ ಅಂದ್ಲು. ಎರಡ ದಿನ ಕೊಡವಾ, ತೆಗಸ್ತೀನಿ ಅಂತ ಕೈ ಮುಗದೆ. ನನ್ನ ಫೋನ್ ಎತ್ತೋದ ಬಿಟ್ಲು."

"ಅದಕ್ಕೆ ಭಾಗವ್ವನ ಚೀಲ ಒಯ್ದಿರಿ."

"ಇಲ್ಲ! ಅದು ಖರೇನ ತಪ್ಪಿ ಬಂದಿದ್ದು. ಊಟಕ್ಕ ಕುಂತು ತೆಗದ್ರ ಫೋನು." ಅವನು ಕೈಯಲ್ಲಿದ್ದ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಆವಾಗ ಅನಿಸ್ತು. ಭಾಗವ್ವನ ನಂಬರ್ ಆದ್ರ ಆಕಿ ಎತ್ತತಾಳ. ಎತ್ತಿದ್ಲು. ಸಾಮಾನ ಎಲ್ಲಾ ತೆಗಸೀನಿ, ಬಂದು ನೋಡು ಅಂದೆ. ಬಂದ್ಲು. ತೆಗಸಿದ್ದಿಲ್ಲ. ಸಿಟ್ಟಿಗೆದ್ದು ತಿರುಗಿದ್ಲು, ನಾ ಅಡ್ಡ ನಿಂತೆ, ಹಿಂದ ಸರದ್ಲು. ಕಾರ್ಪೆಟ್ ಸುರುಳಿ ಕಾಲಿಗೆ ಸಿಕ್ತು. ಅಷ್ಟರಿ."

"ಅಷ್ಟೇ ಆದರೆ ಶರಣ ಯಾಕೆ ಒಳಗಿದ್ದಾನೆ?"

ಅವನು ಬಾಗಿಲ ಸಂದಿಯತ್ತ ತಿರುಗಿದ. ಹಣೆಯ ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

"ನಾ ಅವನ ಹೆಸರ ತಗೊಂಡಿಲ್ಲ. ನಿಮ್ಮ ನೆಟ್‌ವರ್ಕ್ ತಗೊಂಡದ," ಎಂದ ಕೊನೆಗೆ. "ಎರಡ ದಿನದಾಗ ಬಿಡ್ತಾರ ಅನ್ಕೊಂಡಿದ್ದೆ."

ಆಗ ಅವನ ಕೈಯಲ್ಲಿದ್ದ ಚೀಲ ರಿಂಗಾಯಿತು.

ಆ ಸದ್ದು ನನಗೆ ಗೊತ್ತಿತ್ತು. ಅದು ನನ್ನ ಫೋನಿನದು.

ಕಟಾಂಜನದಲ್ಲಿ ನನ್ನ ಜಾಗದಲ್ಲಿ ತೂಗುತ್ತಿದ್ದದ್ದು ಅವನ ರೊಟ್ಟಿ. ಮೊದಲ ಸಲ ಅದು ತಪ್ಪಾಗಿರಬಹುದು. ಈ ಸಲ ಅಲ್ಲ. ಲಿಫ್ಟು ನೆಲದ ಕೆಳಗೆ ಇಳಿದಾಗ ನಾಲ್ಕನೇ ಮಹಡಿಯ ನೆಟ್‌ವರ್ಕ್ ಪೂರ್ತಿ ಕ್ಷೀಣಿಸಿ, ಫೋನ್ ಬೇಸ್‌ಮೆಂಟಿನದನ್ನು ಹಿಡಿದಿರುತ್ತದೆ. ನಾನು ಎಷ್ಟೇ ಬಿಗಿಯಾಗಿ ಹಿಡಿ ಎಂದು ಹೇಳಿಕೊಟ್ಟಿದ್ದರೂ, ಹಿಡಿಯಲು ಏನೂ ಉಳಿಯದಾಗ ಅದು ಬಿಡಲೇಬೇಕು. ಮೇಲೆ ಪರದೆಯ ಮುಂದೆ ಕುಳಿತ ಘರತ್‌ಗೆ ಕಂಡದ್ದು ಒಂದೇ: ಕಟಾಂಜನದ ಮೇಲಿರುವ ಫೋನ್ ಹಾರಿತು. ಪರೀಕ್ಷೆ ಸೋತಿತು.

ಸೋಮನಾಥ ಫೋನ್ ಹೊರಗೆ ತೆಗೆದ. ಪರದೆಯ ಮೇಲೆ ಘರತ್ ಎಂದಿತ್ತು.

"ವರಾಂಡದಾಗ ಅದೀನಿ ಅನ್ರಿ. ಫೋನ್ ತಾನ ಹಾರಿತು, ನನ್ನ ಲೆಕ್ಕ ತಪ್ಪು ಅನ್ರಿ. ಅಷ್ಟ ಸಾಕು. ಈ ಬಾಗಲಾ ತಗೀತೀನಿ, ಮನಿಗೆ ಹೋಗ್ರಿ. ಶರಣಗ ಒಳ್ಳೆ ವಕೀಲ ಇಡ್ತೀನಿ, ಆಣೆ ಮಾಡ್ತೀನಿ."

"ಅನ್ನದಿದ್ದರೆ?"

ಅವನು ಕೀಲಿಯ ಮೇಲೆ ಬೆರಳಿಟ್ಟ. ಸ್ಪೀಕರ್ ಒತ್ತಿದ.

"ಮ್ಯಾಡಮ್!" ಘರತ್‌ರ ದನಿ ಆ ಪೆಟ್ಟಿಗೆಯೊಳಗೆ ದೊಡ್ಡದಾಗಿ ಕೇಳಿತು. "ನಿಮ್ಮ ಫೋನ್ ಜಂಪ್ ಮಾಡ್ತು. ನಾಲ್ಕು ಬಿಟ್ಟು ಬೇಸ್‌ಮೆಂಟ್. ನೀವು ಎಲ್ಲಿ ಇದ್ದೀರಿ?"

ನಿಜ ಹೇಳಿದರೆ ಅವರು ಓಡಿ ಬರುವ ಮೊದಲು ಇಲ್ಲಿ ಏನಾಗುತ್ತದೋ ಗೊತ್ತಿಲ್ಲ. ಅವನು ಹೇಳಿದ್ದನ್ನು ಹೇಳಿದರೆ ಶರಣನನ್ನು ಕೋರ್ಟಿಗೆ ಒಯ್ಯುತ್ತಾರೆ, ಆ ಹಾರಿದ ಫೋನೇ ಅವನ ವಿರುದ್ಧ ಸಾಕ್ಷಿ. ಸೋಮನಾಥ ಫೋನನ್ನು ನನ್ನ ಬಾಯಿಯ ಹತ್ತಿರ ತಂದ.

"ವರಾಂಡದಲ್ಲೇ ಇದ್ದೇನೆ, ಸರ್," ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು. ನಂಬಿಸಬೇಕೆಂದು ಇನ್ನೊಂದು ಮಾತು ಸೇರಿಸಿದೆ. "ಭಾಗವ್ವ ಮಾವಶಿಯ ಪಕ್ಕದಲ್ಲೇ ಕೂತಿದ್ದೇನೆ."

ಆ ಕಡೆ ಯಾರೋ ಏದುಸಿರು ಬಿಡುವುದು ಕೇಳುತ್ತಿತ್ತು. ಅದು ಘರತ್‌ರ ಉಸಿರಲ್ಲ.

"ಅಚ್ಛಾ?" ಎಂದರು ಅವರು, ಬಹಳ ನಿಧಾನವಾಗಿ. "ಫೋನ್ ಹಾರಿತು ಅಂತ ನಾ ಕೆಳಗ ಗೇಟಿಗೆ ಬಂದೀನಿ. ಭಾಗವ್ವ ಇಲ್ಲೇ ನನ ಮುಂದ ನಿಂತಾಳ, ವಾಚ್‌ಮನ್‌ನ ದೂಡಿ ಒಳಗ ಬಂದಾಳ. ಕೈಯಾಗ ನಿಮ್ಮ ಚೀಲ. ಚೀಲದಾಗ ರೊಟ್ಟಿ."

ಸೋಮನಾಥನ ಹೆಬ್ಬೆರಳು ಕರೆಯನ್ನು ಕತ್ತರಿಸಿತು.

ಅವನು ನನ್ನನ್ನು ನೋಡಲಿಲ್ಲ. ಕೀಲಿ ತಿರುಗಿಸಿದ. ಲಿಫ್ಟು ಜಗ್ಗಿ ಅಲುಗಾಡಿತು. ಮೇಲೆ ಹೋಗುತ್ತದೆ ಎಂದುಕೊಂಡೆ. ಬಾಗಿಲ ಸಂದಿಯ ಸಿಮೆಂಟು ಗೋಡೆ ಮೇಲಕ್ಕೆ ಸರಿಯತೊಡಗಿತು. ಬೇಸ್‌ಮೆಂಟಿನ ಬೆಳಕಿನ ಗೆರೆಯೊಂದು ಬಂದು, ನಿಲ್ಲದೆ, ಅದೂ ಮೇಲಕ್ಕೆ ಹೋಯಿತು.

ಅವನ ಕೈಯಲ್ಲಿದ್ದ ನನ್ನ ಫೋನಿನಲ್ಲಿ ಒಂದೇ ಒಂದು ಸಿಗ್ನಲ್ ಕಡ್ಡಿ ಉಳಿದಿತ್ತು. ಘರತ್‌ಗೆ ನಾನೆಲ್ಲಿದ್ದೇನೆಂದು ಹೇಳಲು ಇದ್ದದ್ದು ಆ ಕಡ್ಡಿಯೊಂದೇ. ಹಿಡಿದುಕೋ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅದು ಆರಿತು. ಎರಡನೇ ಬೇಸ್‌ಮೆಂಟಿಗೆ ನಾವು ನೆಟ್‌ವರ್ಕ್ ಹಾಕಿಯೇ ಇರಲಿಲ್ಲ.